ಪಾಲಕ ಅಂತ ಬರದ್ರ ಪಾಲಕನ ಇರ್ಬೇಕು

ಹೋದ ವಾರ ನಮ್ಮ ವೈನಿ ಫೋನಿನಾಗ ಒಂದು ಫೋಟೋ ಕಳಿಸಿದ್ರು. ಬೆರಳುದ್ದದ ಬಾಟ್ಲಿ, ಮ್ಯಾಲೆ ಎರಡು ಎಲಿ ಚಿತ್ರ, 'ನೈಸರ್ಗಿಕ ಹಸಿರು ಬಣ್ಣ, ಸಸ್ಯಮೂಲ' ಅಂತ ದಪ್ಪ ಅಕ್ಷರ. ಕೆಳಗ ಇರಿವಿ ಸಾಲಿನಂಥಾ ಸಣ್ಣ ಅಕ್ಷರದಾಗ ಐಎನ್‌ಎಸ್ 141. ಅದರ ಕೆಳಗ ವೈನಿ ಪ್ರಶ್ನೆ: "ಇದು ಎಲಿಯಿಂದನ ಮಾಡಿದ್ದಂತ. ನಮ್ಮ ಸಂಡಿಗಿಗೆ ಹಾಕಬಹುದಲ್ಲಾ?"

ಎಲ್ಲಾರಿಗೂ ಗೊತ್ತಿದ್ದ ವಿಷಯನ ಅದ, ಆದ್ರೂ ಹೊಸದಾಗಿ ಓದೋರಿಗೆ ಹೇಳತೀನಿ. ವೈನಿ ಮತ್ತ ಅವರ ಓಣಿಯ ನಾಲ್ಕು ಮಂದಿ ಹೆಣ್ಣಮಕ್ಕಳು ಕೂಡಿ ಬ್ಯಾಸಿಗಿ ಬಂತಂದ್ರ ಸಂಡಿಗಿ, ಹಪ್ಪಳ, ಶಾವಗಿ ಮಾಡಿ ಮಾರತಾರ. ಈ ವರ್ಷ ಒಂದು ಲಗ್ನದ ಮನಿಯಿಂದ ಪಾಲಕ ಸಂಡಿಗಿಗೆ ಹನ್ನೆರಡು ಕಿಲೋ ಆರ್ಡರ್ ಬಂತು. ಮೊದಲನೇ ಸಲ ಖರೇ ಪಾಲಕ ಅರದು ಹಾಕಿ ಮಾಳಗಿ ಮ್ಯಾಲೆ ಒಣಗಿಸಿದ್ರು. ಎರಡ ದಿನದ ಬಿಸಲಿಗೆ ಹಸರೆಲ್ಲಾ ಹಾರಿ ಒಣಾ ಹುಲ್ಲಿನ ಬಣ್ಣಕ್ಕ ಬಂತು. ಎಣ್ಣ್ಯಾಗ ಕರದ ಮ್ಯಾಲಂತೂ ಕೇಳಬ್ಯಾಡ್ರಿ. ನಮೂನಿ ನೋಡಲಿಕ್ಕೆ ಬಂದ ಲಗ್ನದ ಮನಿಯವರು "ಇದು ಪಾಲಕ ಅಂದ್ರ ಯಾರು ನಂಬತಾರ್ರೀ?" ಅಂತ ಮುಖ ಸಣ್ಣ ಮಾಡಿಕೊಂಡು ಹೋದ್ರಂತ. ಅವತ್ತ ಸಂಜೀಕ ಯಾರೋ ಈ ಬಾಟ್ಲಿ ಹೇಳಿಕೊಟ್ಟಾರ.

ನಾನು ಕೂಡ್ಲೇ ಉತ್ತರ ಬರೀಲಿಲ್ಲ. ನಾಲ್ಕ ದಿನ ಓದಿದೆ. ಈಗ ಎಲ್ಲಾರ ಮುಂದ ಹೇಳತೀನಿ, ಯಾಕಂದ್ರ ಇದು ವೈನಿ ಒಬ್ಬರ ಪ್ರಶ್ನೆ ಅಲ್ಲ. ಮನ್ಯಾಗ ಮಕ್ಕಳ ಹುಟ್ಟಿದ ಹಬ್ಬಕ್ಕ ಕೇಕ್ ಮಾಡೋರು, ಪಾನಿಪುರಿ ನೀರು ಮಾಡೋರು, ಪಿಸ್ತಾ ಬರ್ಫಿ ಮಾಡೋರು, ಎಲ್ಲಾರ ಕೈಯಾಗೂ ಇವತ್ತಿಲ್ಲ ನಾಳೆ ಈ ಬಾಟ್ಲಿ ಬರ್ತದ.

ಮೊದಲಿಗೆ ಎಲಿಯೊಳಗಿನ ಹಸರ ಅಂದ್ರ ಏನು ನೋಡೂಣು. ಸಾಲ್ಯಾಗ ಪತ್ರಹರಿತ್ತು ಅಂತ ಬಾಯಿಪಾಠ ಮಾಡಿದ್ದೆವಲ್ಲಾ, ಅದನ ಕ್ಲೋರೋಫಿಲ್. ಈ ಹೆಸರು ಇಟ್ಟವರು ಫ್ರಾನ್ಸಿನ ಪೆಲ್ಟಿಯೇ ಮತ್ತ ಕಾವೆಂಟೂ ಅನ್ನೋ ಇಬ್ಬರು, 1817ರಾಗ. ಮಲೇರಿಯಾದ ಕ್ವಿನೈನ್ ತಗದವರೂ ಇವರ. ಇರ್ಲಿ, ಅದು ಬ್ಯಾರೆ ಕತಿ. ಈ ಹಸರಿನ ಒಂದೊಂದು ಕಣದ ನಟ್ಟನಡುವ ಒಂದು ಮ್ಯಾಗ್ನೀಸಿಯಂ ಕೂತಿರ್ತದ. ನಮ್ಮ ರಕ್ತದ ಕೆಂಪಿನಾಗ ಹೆಚ್ಚೂಕಡಿಮಿ ಅಂಥಾದ್ದೇ ಚೌಕಟ್ಟಿನ ನಡುವ ಕಬ್ಬಿಣ ಕೂತಿರ್ತದ. ಹುಣಸಿಹಣ್ಣೋ ನಿಂಬಿಹುಳಿಯೋ ಬಿತ್ತು, ಇಲ್ಲಾ ಮುಚ್ಚಳ ಹಾಕಿ ಭಾಳ ಹೊತ್ತು ಕುದಿಸಿದ್ರಿ ಅಂದ್ರ ಆ ಮ್ಯಾಗ್ನೀಸಿಯಂ ಎದ್ದು ಹೋಗ್ತದ. ಅದು ಹೋದ ಕೂಡ್ಲೇ ಹಸರ ಹೋಗಿ ಸಗಣಿಗಂದು ಬಣ್ಣ ಬರ್ತದ. ಪಾಲಕ ಹುಳಿ ಯಾಕ ಕಪ್ಪಾಗ್ತದ ಅಂತ ಲಗ್ನಾದ ಹೊಸದಾಗಿ ಅತ್ತಿ ಕಡೆ ಬೈಸಿಕೊಂಡವರಿಗೆ ಇದು ಉತ್ತರ. ನಿಮ್ಮ ತಪ್ಪಲ್ಲ, ಮ್ಯಾಗ್ನೀಸಿಯಂ ತಪ್ಪು.

ಈಗ ಬಾಟ್ಲಿಗೆ ಬರ್ರಿ. ಕಾರ್ಖಾನ್ಯಾಗ ಎಲಿಯಿಂದನ ಶುರು ಮಾಡತಾರ, ಸುಳ್ಳಲ್ಲ. ದನಕ್ಕ ಹಾಕೋ ಕುದುರೆ ಮೆಂತೆ, ಹುಲ್ಲು, ತುರಚಿ ಗಿಡ, ಪಾಲಕ, ಇಂಥಾ ಎಲಿ ಒಣಗಿಸಿ ಅಸಿಟೋನ್ ಅಥವಾ ಹೆಕ್ಸೇನ್‌ನಂಥಾ ದ್ರಾವಕದಾಗ ಹಸರ ಇಳಿಸತಾರ. ಆಮ್ಯಾಲೆ ದ್ರಾವಕ ಹಾರಿಸಿ, ಕ್ಷಾರ ಕೂಡಿಸಿ ನೀರಿನಾಗ ಕರಗೋ ಹಂಗ ಮಾಡತಾರ. ಇಷ್ಟಕ್ಕ ಬಿಟ್ರ ಅದು ಐಎನ್‌ಎಸ್ 140. ಆದ್ರ ಆ ಹಸರೂ ನಮ್ಮ ಪಾಲಕದಂಗನ ನಾಜೂಕು, ಬಿಸಿ ತಾಗಿದ್ರ ಹೋಗ್ತದ. ಅದಕ್ಕ ಮ್ಯಾಗ್ನೀಸಿಯಂ ಎಬ್ಬಿಸಿ ಆ ಜಾಗಾದಾಗ ತಾಮ್ರ ಕೂಡಸತಾರ. ತಾಮ್ರ ಒಮ್ಮೆ ಕೂತ್ರ ಜಪ್ಪಯ್ಯ ಅಂದ್ರೂ ಏಳೂದಿಲ್ಲ. ಬಣ್ಣ ಮೊದಲಿಗಿಂತ ಮಿಂಚತದ, ಕುದಿಸಿದ್ರೂ ಉಳೀತದ. ಇದು ಐಎನ್‌ಎಸ್ 141, ಕಾಪರ್ ಕ್ಲೋರೋಫಿಲಿನ್. ವೈನಿ ಕಳಿಸಿದ ಬಾಟ್ಲಿಯೊಳಗ ಇರೋದು ಇದ.

ಇದನ್ನ ಓದಿದಾಗ ನನಗ ನಮ್ಮ ಅಜ್ಜಿ ನೆನಪಾದಳು. ಮನ್ಯಾಗ ತಾಮ್ರದ ದೊಡ್ಡ ಪಾತೇಲಿ ಇತ್ತು. ಕಲಾಯಿ ಸವದು ಒಳಗ ಕೆಂಪು ಕಂಡ್ತಂದ್ರ ಅದರಾಗ ತೊಪ್ಪಲ ಪಲ್ಯ, ಹುಳಿ ಮಾಡಲಿಕ್ಕೆ ಬಿಡ್ತಿದ್ದಿಲ್ಲ. ಒಮ್ಮೆ ನಮ್ಮ ಕಾಕು ಗೊತ್ತಿಲ್ಲದ ಮೆಂತ್ಯಾ ಪಲ್ಯ ಬೇಯಿಸಿದ್ರು. ಪಲ್ಯ ಏನು ಹಚ್ಚಗ ಇತ್ತು ಅಂತೀರಿ! ಅಜ್ಜಿ ನೋಡಿದವಳ "ಇದು ಕಿಲಬು" ಅಂತ ಪೂರಾ ಪಲ್ಯ ಚೆಲ್ಲಿಸಿದಳು. ನಮಗೆಲ್ಲಾ ಹೊಟ್ಟಿ ಉರೀತು, ಅಷ್ಟು ಛಂದ ಕಾಣ್ತಿತ್ತು. ಹತ್ತೊಂಬತ್ತನೇ ಶತಮಾನದಾಗ ಫ್ರಾನ್ಸಿನವರು ಡಬ್ಬಿ ವಟಾಣಿ ಹಸರ ಇರಲಿ ಅಂತ ಮೈಲುತುತ್ತ ಹಾಕತಿದ್ದರಂತ, ಅದೂ ಇದ ಲೆಕ್ಕ. ಎಲಿ ಹಸರಿಗೆ ತಾಮ್ರ ಕಚ್ಚಿಕೊಳ್ಳೋದು. ಫರಕು ಏನಂದ್ರ ಅಜ್ಜಿಯ ಪಾತೇಲ್ಯಾಗ ಎಷ್ಟು ತಾಮ್ರ ಬಿಟ್ಟದ ಅಂತ ಅಳತಿ ಇರಲಿಲ್ಲ. ಬಾಟ್ಲಿಯೊಳಗ ಅಳತಿ ಅದ. ಬಣ್ಣಕ್ಕ ಕಚ್ಚಿಕೊಳ್ಳದ ಬಿಡಿ ತಾಮ್ರ ಭಾಳ ಕಡಿಮಿ ಇರಬೇಕು, ಕಿಲೋಕ್ಕ 200 ಮಿಲಿಗ್ರಾಂ ದಾಟಬಾರದು ಅಂತ ಅಂತರರಾಷ್ಟ್ರೀಯ ನಿಯಮ ಇದ್ದಾವ.

ಹಂಗಾರ ತಿನ್ನಬಹುದೋ ಇಲ್ಲೋ? ಇಲ್ಲೇ ನೋಡ್ರಿ, ವಾಟ್ಸಾಪಿನಾಗ ಬರೋ ಎರಡು ನಮೂನಿ ಮಾತೂ ನನಗ ಒಪ್ಪಿಗಿ ಇಲ್ಲ. ಒಂದು ಪಾರ್ಟಿ "ಗಿಡದಿಂದ ಮಾಡಿದ್ದು, ಕಣ್ಣು ಮುಚ್ಚಿ ಹಾಕ್ರಿ" ಅಂತದ. ಅಲ್ರೀ, ಎಕ್ಕಿ ಹಾಲೂ ಗಿಡದ್ದನ, ದತ್ತೂರಿ ಬೀಜಾನೂ ಗಿಡದ್ದನ. ಯಾರರ ಸಾರಿಗೆ ಹಾಕತೇವೇನು? ಇನ್ನೊಂದು ಪಾರ್ಟಿ "ತಾಮ್ರ ಅದ, ವಿಷ, ಮುಟ್ಟಬ್ಯಾಡ್ರಿ" ಅಂತ ಕೂಗತದ. ಅವರ ಮುಂಜಾನೆ ಎದ್ದು ತಾಮ್ರದ ತಂಬಗಿ ನೀರು ಕುಡದು ಅದರ ಗುಣ ಹೇಳತಿರತಾರ.

ಲೆಕ್ಕ ಹಾಕಿ ನೋಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಕೂಡಿ ನಡಸೋ ತಜ್ಞರ ಸಮಿತಿ ಈ ಬಣ್ಣಕ್ಕ ಹಿಂದ ಹಾಕಿಕೊಟ್ಟ ಮಿತಿ, ಮೈತೂಕದ ಕಿಲೋ ಒಂದಕ್ಕ ದಿನಕ್ಕ 15 ಮಿಲಿಗ್ರಾಂ ತನಕ. ಅರವತ್ತು ಕಿಲೋ ತೂಕದವರಿಗೆ 900 ಮಿಲಿಗ್ರಾಂ ಆತು. ಈಗ ವೈನಿ ಕಿಲೋ ಸಂಡಿಗಿಗೆ 100 ಮಿಲಿಗ್ರಾಂ ಬಣ್ಣ ಹಾಕಿದ್ರು ಅಂತ ಇಟ್ಟುಕೊಳ್ಳರಿ. ಲಗ್ನದಾಗ ಒಬ್ಬರು ಐವತ್ತು ಗ್ರಾಂ ಸಂಡಿಗಿ ತಿಂದ್ರ ಹೊಟ್ಟಿಗೆ ಹೋಗೋದು 5 ಮಿಲಿಗ್ರಾಂ. ಅದರಾಗಿನ ತಾಮ್ರ ಅರ್ಧ ಮಿಲಿಗ್ರಾಂ ಸುದ್ದಾ ಆಗೂದಿಲ್ಲ. ಅಂದ್ರ ನಮ್ಮ ಮೈಗೆ ದಿನಾ ಬೇಕಾಗೋ ಒಂದು-ಎರಡು ಮಿಲಿಗ್ರಾಂ ತಾಮ್ರಕ್ಕಿಂತನೂ ಕಡಿಮಿ. ಹಿಂಗಾಗಿ ಹಬ್ಬಕ್ಕ ಒಮ್ಮೆ ನನ್ನ ಮೊಮ್ಮಗಳು ಇಂಥಾ ಬಣ್ಣದ ಐಸ್‌ಕ್ಯಾಂಡಿ ತಿಂದ್ರ ನಾನು ಕಸಗೊಳ್ಳೂದಿಲ್ಲ. ವಿಲ್ಸನ್ ರೋಗ ಅಂತ ಇರ್ತದ, ಮೈಯಾಗ ತಾಮ್ರ ಹೊರಗ ಹೋಗದ ಯಕೃತ್ತು, ಮೆದುಳಿಗೆ ಕೂಡೋ ಹುಟ್ಟು ರೋಗ. ಅಂಥವರು ಮಾತ್ರ ತಾಮ್ರ ಎಲ್ಲಿಂದ ಬಂದ್ರೂ ಹುಷಾರಾಗಿರಬೇಕು. ಅದು ಭಾಳ ಅಪರೂಪ.

ಆದ್ರ ಕತಿ ಇಷ್ಟಕ್ಕ ಮುಗೀಲಿಲ್ಲ. 2015ರಾಗ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದವರು ಈ ಹಸರುಗಳನ್ನೆಲ್ಲಾ ಮತ್ತೊಮ್ಮೆ ಪರೀಕ್ಷಾ ಮಾಡಿದ್ರು. ಎಲಿಯೊಳಗ ಇದ್ದಂಗನ ಇರೋ ಸಾದಾ ಕ್ಲೋರೋಫಿಲ್ ಬಗ್ಗೆ ಚಿಂತಿ ಇಲ್ಲ ಅಂದ್ರು, ಯಾಕಂದ್ರ ಬಣ್ಣದಿಂದ ಹೋಗೋದಕ್ಕಿಂತ ಹೆಚ್ಚು ನಾವು ದಿನಾ ತೊಪ್ಪಲ ಪಲ್ಯದಾಗನ ತಿಂತೀವಿ. ನೂರು ಗ್ರಾಂ ಪಾಲಕದಾಗನ ಹತ್ತಿರ ಹತ್ತಿರ ನೂರು ಮಿಲಿಗ್ರಾಂ ಇರ್ತದ. ತಾಮ್ರ ಕೂಡಿಸಿದ್ದರ ಬಗ್ಗೆ ಮಾತ್ರ, ಹಳೇ ಪರೀಕ್ಷಾ ಎಲ್ಲಾ ಈಗಿನ ಕಾಲಕ್ಕ ಸಾಲೂದಿಲ್ಲ, ಹಿಂದಿನ ಆ 15 ಮಿಲಿಗ್ರಾಂ ಮಿತಿಗೆ ಗಟ್ಟಿ ಆಧಾರ ಇಲ್ಲ, ಅದನ್ನ ವಾಪಸ್ ತಗೋಬೇಕು ಅಂದ್ರು. ಗಮನಕೊಟ್ಟು ಓದ್ರಿ. ವಿಷ ಅಂತ ಹೇಳಲಿಲ್ಲ. ಲೆಕ್ಕ ಅಪೂರ್ಣ ಅದ ಅಂದ್ರು. ಅಮೇರಿಕಾದಾಗ ಇನ್ನೂ ಬಿಗಿ. ಕುದುರೆ ಮೆಂತೆಯಿಂದ ಮಾಡಿದ್ದನ್ನ ನಿಂಬಿ-ಕಿತ್ತಳಿ ಜಾತಿಯ ಶರಬತ್ತಿನ ಒಣಾ ಪುಡಿಗೆ ಮಾತ್ರ, ಅದೂ ನೂರಕ್ಕ 0.2ರಷ್ಟು ಹಾಕಲಿಕ್ಕೆ ಅಪ್ಪಣಿ. ಅಲ್ಲಿ ಯಾವ ತಿನಿಸಿಗೆ ಅರ್ಜಿ ಹಾಕಿ ಪುರಾವೆ ಕೊಡತಾರೋ ಅದಕ್ಕಷ್ಟ ಅಪ್ಪಣಿ ಸಿಗ್ತದ. ಹಂಗಂತ ಉಳಿದದ್ದೆಲ್ಲಾ ವಿಷ ಅಂತಲ್ಲ, ಪುರಾವೆ ಕೊಟ್ಟಷ್ಟಕ್ಕ ಪರವಾನಗಿ. ನನಗ ಈ ರೀತಿ ಸೇರತದ. ನಮ್ಮಲ್ಲೂ ಬಣ್ಣಕ್ಕ ಯಾವ ತಿನಿಸು, ಎಷ್ಟು ಅಳತಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ಪಟ್ಟಿ ಅದ. ಬಾಟ್ಲಿ ತೊಗೊಳ್ಳೂಕಿಂತ ಮೊದಲು ಸಂಡಿಗಿ ಆ ಪಟ್ಟ್ಯಾಗ ಎಲ್ಲಿ ಬರ್ತದ ಅಂತ ಪರವಾನಗಿ ಮಾಡಿಸಿಕೊಟ್ಟವರನ್ನ ಕೇಳ್ರಿ ಅಂತ ವೈನಿಗೆ ಹೇಳೀನಿ.

ಖರೇ ಹೇಳಬೇಕಂದ್ರ ನನಗ ಭಯ ಇರೋದು ಈ ಬಾಟ್ಲಿಗಿಂತ ಅದರ ಬಾಜೂಕಿನ ಪುಡಿಗೆ. ಸಂತ್ಯಾಗ ಕಾಗದದ ಪುಡಿಕ್ಯಾಗ ಹತ್ತು ರೂಪಾಯಿಗೆ ಕೊಡೋ ಹಸರ ಪುಡಿ ಐತಲ್ಲಾ, ಹೆಸರಿಲ್ಲ, ನಂಬರಿಲ್ಲ, ಅದು. ಪ್ಯಾಟ್ಯಾಗಿನ ಸಾದಾ ಹಸರ ಬಣ್ಣ ಅಂದ್ರ ಹೆಚ್ಚಿಗೆ ಟಾರ್ಟ್ರಜಿನ್ ಹಳದಿ ಮತ್ತ ಬ್ರಿಲಿಯಂಟ್ ಬ್ಲೂ ನೀಲಿ ಕೂಡಿಸಿದ್ದು. ಅವಕ್ಕ ಕಾನೂನಿನಾಗ ಜಾಗಾ ಅದ, ಆದ್ರ ಹೇಳಿದ ತಿನಿಸಿಗೆ ಮಾತ್ರ, ಕಿಲೋಕ್ಕ 100 ಮಿಲಿಗ್ರಾಂ ಒಳಗ. ಪುಡಿಕಿಯೊಳಗ ಇರೋದು ಅದೂ ಅಲ್ಲದ ಮಾಲಕೈಟ್ ಗ್ರೀನ್ ಇದ್ರ? ಅದು ಅರಿವಿಗೆ ಹಾಕೋ ಬಣ್ಣ, ಊಟಕ್ಕ ನಿಷೇಧ. ಹಸಿಮೆಣಸಿನಕಾಯಿ, ವಟಾಣಿ, ಬೆಂಡಿಕಾಯಿ ಹೊಸಾದ್ದು ಕಾಣಲಿ ಅಂತ ಕೆಲವರು ಅದನ್ನ ಹಚ್ಚತಾರ. ಮನ್ಯಾಗ ನೋಡೋದು ಸಸಾರ. ಲಿಕ್ವಿಡ್ ಪ್ಯಾರಾಫಿನ್ನಿನಾಗ ಅರಳಿ ಅದ್ದಿ ಕಾಯಿ ಮ್ಯಾಲೆ ತಿಕ್ಕರಿ, ಅರಳಿ ಹಸರಾತು ಅಂದ್ರ ಕಾಯಿ ತಿಪ್ಪಿಗೆ. ವಟಾಣಿ ಆದ್ರ ನೀರಿನ ಗ್ಲಾಸಿನಾಗ ಅರ್ಧ ತಾಸು ಹಾಕಿಡ್ರಿ, ಬಣ್ಣ ಬಿಟ್ರ ಗೊತ್ತಾಗ್ತದ.

2024ರ ಮಾರ್ಚಿನಾಗ ನಮ್ಮ ಸರ್ಕಾರ ಗೋಬಿ ಮಂಚೂರಿ ಮತ್ತ ಬಾಂಬೆ ಮಿಠಾಯಿಯೊಳಗಿನ ರೋಡಮಿನ್-ಬಿ ಬಣ್ಣಕ್ಕ ಕಡಿವಾಣ ಹಾಕಿತು, ಜೂನಿನಾಗ ಕಬಾಬಿಗೆ ಬಣ್ಣ ಹಾಕೋದು ನಿಲ್ಲಿಸಿತು. ಅದ ಹೊತ್ತಿನಾಗ ಪಾನಿಪುರಿ ನಮೂನಿ 260 ತಗದು ನೋಡಿದ್ರ 41 ಸುರಕ್ಷಿತ ಅಲ್ಲ ಅಂತ ಬಂತು. ಪಾನಿಪುರಿ ನೀರು ಅಂದ್ರ ಪುದೀನಾ ಕೊತ್ತಂಬರಿ ನೀರು ಅಂತಲ್ಲೇನ್ರಿ ನಾವು ತಿಳಕೊಂಡಿದ್ದು? ಆ ಸುದ್ದಿ ಬಂದ ಮ್ಯಾಲೆನೂ ನಮ್ಮ ಓಣಿ ತುದಿಗೆ ಗಾಡಿ ಮುಂದ ಗದ್ದಲ ಕಡಿಮಿ ಆಗಲಿಲ್ಲ. ನಾನೂ ನಿಂತಿದ್ದೆ, ಸುಳ್ಳು ಯಾಕ ಹೇಳಲಿ.

ಈಗ ನನ್ನ ಮುಖ್ಯ ಮಾತು. ವೈನಿ ಬಾಟ್ಲಿ ಹಾಕಿದ್ರ ಯಾರೂ ಸಾಯೂದಿಲ್ಲ, ಬ್ಯಾನಿ ಬೀಳೂದಿಲ್ಲ. ನನ್ನ ಜಗಳ ಇರೋದು ಪಾಕೀಟಿನ ಮ್ಯಾಲಿನ ಹೆಸರಿನ ಜೋಡಿ. ಅವರ ಪಾಕೀಟಿನ ಮ್ಯಾಲೆ 'ಪಾಲಕ ಸಂಡಿಗಿ, ಯಾವ ಬಣ್ಣವನ್ನೂ ಹಾಕಿಲ್ಲ' ಅಂತ ಛಾಪಿಸ್ಯಾರ. ಐದು ನೂರು ಪಾಕೀಟು ತಯಾರ ಇದ್ದಾವ. ಬಾಟ್ಲಿ ಹಾಕಿದ ಮ್ಯಾಲೆ ಆ ಸಾಲು ಸುಳ್ಳಾಗ್ತದ. ಹಾಕಲಿಕ್ಕೆ ಅಪ್ಪಣಿ ಇದ್ದಲ್ಲಿ ಹಾಕಿದ್ರ ಒಪ್ಪಿಗಿ ಪಡೆದ ನೈಸರ್ಗಿಕ ಬಣ್ಣ ಅದ ಅಂತ, ಅದರ ಹೆಸರೋ ನಂಬರೋ ಬರೀಬೇಕು ಅಂತ ಕಾಯದೆನ ಅದ. ಬರದು ಹಾಕ್ರಿ, ನನ್ನದೇನೂ ತಕರಾರಿಲ್ಲ. ಬರೀದ ಹಾಕೋದು ಬ್ಯಾಡ. ಎರಡು ಚಮಚಾ ಪಾಲಕ ನೆವಕ್ಕ ಹಾಕಿ, ಬಣ್ಣ ಬಾಟ್ಲಿಯಿಂದ ತಂದು, ಮ್ಯಾಲೆ ಪಾಲಕದ ಚಿತ್ರ ಅಂಟಿಸೋದಂತೂ ಬ್ಯಾಡನ ಬ್ಯಾಡ. 2013ರಾಗ ತೈವಾನಿನಾಗ ಹಿಂಗನ ಆತು. ಅಗ್ಗದ ಎಣ್ಣಿಗೆ ಈ ತಾಮ್ರದ ಹಸರ ಕೂಡಿಸಿ ಆಲಿವ್ ಎಣ್ಣಿ ಅಂತ ಮಾರಿದ್ರು. ಬಣ್ಣ ಅಳತಿಯೊಳಗಿದ್ರ ಜೀವಕ್ಕ ಧಕ್ಕಿ ಇರಲಿಲ್ಲ ಅಂತ ಕೆಲವರು ಅಂದಿದ್ದೂ ಉಂಟು. ಆದ್ರ ಇಡೀ ದೇಶ ಸಿಟ್ಟಿಗೆದ್ದದ್ದು, ಆಲಿವ್ ರೊಕ್ಕ ಕೊಟ್ಟು ಬ್ಯಾರೆ ಏನೋ ತಿಂದಿವಲ್ಲಾ ಅಂತ.

ಇದನ್ನ ಫೋನಿನಾಗ ಹೇಳಿದೆ. ವೈನಿ ಸುಮ್ಮನ ಕೇಳಿದ್ರು, ಆಮ್ಯಾಲೆ ಅಂದ್ರು: "ನೀ ಹೇಳೋದು ಎಲ್ಲಾ ಖರೇ ಅದ. ಆದ್ರ ಹುಲ್ಲಿನ ಬಣ್ಣದ ಸಂಡಿಗಿ ನೀ ತೊಗೋತೀಯೇನು? ಹನ್ನೆರಡು ಕಿಲೋ? ಈ ಆರ್ಡರ್ ಹೋತಂದ್ರ ಕೆಳಗಿನ ಮನಿ ಅಕ್ಕಾರ ಮಗಳ ಫೀ ತುಂಬೋರು ಯಾರು?"

ನನ್ನ ಬಾಯಿ ಬಂದಾತು. ಯಾಕಂದ್ರ ತಪ್ಪು ಮಾಡೋರು ಬರೇ ಮಾಡಿ ಮಾರೋರಲ್ಲ. ಹಚ್ಚಗ ಮಿಂಚಿದ್ರನ ಪಾಲಕ ಅಂತ ನಂಬೋ ನಮ್ಮ ಕಣ್ಣೂ ಅದಕ್ಕ ಕೂಡೇದ. ಪಿಸ್ತಾ ಬರ್ಫಿ ಗಿಳಿಹಸರ ಇರಬೇಕು ನಮಗ. ಖರೇ ಪಿಸ್ತಾ ಅರದು ಮಾಡಿದ್ರ ಅದು ಮಬ್ಬು ಹಸರ, ಅರ್ಧ ಹಳದಿ. ಅದನ್ನ ತಾಟಿನಾಗ ಇಟ್ರ "ಹಳೇದು ಕಾಣಸ್ತದ" ಅಂತೀವಿ. ನಾನೇ ಅಂದೀನಿ, ಹೋದ ದೀಪಾವಳಿಗೆ, ನಮ್ಮ ಮೌಶಿ ಮಾಡಿ ತಂದ ಬರ್ಫಿಗೆ. ಅವರು ಪಿಸ್ತಾಕ್ಕ ಎಷ್ಟು ರೊಕ್ಕ ಹಾಕಿದ್ದರೋ ಏನೋ.

ಹಿಂಗಾಗಿ ಬರೇ ಉಪದೇಶ ಮಾಡಿ ಕೂಡಲಿಲ್ಲ. ಎರಡ ದಿನ ನನ್ನ ಅಡಿಗಿಮನ್ಯಾಗ ಸಣ್ಣ ಪ್ರಮಾಣದಾಗ ಮಾಡಿ ನೋಡಿದೆ. ಅಕ್ಕಿ ಹಿಟ್ಟಿನ ಅಂಬಲಿಯೊಳಗ ಪಾಲಕ ಹಾಕಿ ಜೋಡೀಲೆ ಕುದಿಸಿದ್ದು ವೈನಿ ಮಾಡಿದ ಮೊದಲನೇ ತಪ್ಪು. ಪಾಲಕದ ದಂಟು ತಗದು ಎಲಿ ಮಾತ್ರ ಕುದಿಯೋ ನೀರಿನಾಗ ಒಂದು ನಿಮಿಷ, ಮುಚ್ಚಳ ಹಾಕದ. ಮುಚ್ಚಳ ತೆರೆದಿದ್ರ ಎಲಿಯೊಳಗಿನ ಹುಳಿ ಹಬೆ ಜೋಡಿ ಹೊರಗ ಹೋಗ್ತದ, ಹಾಕಿದ್ರ ಪಾತೇಲ್ಯಾಗನ ಸುತ್ತಾಡಿ ಬಣ್ಣ ತಿಂತದ. ಕೂಡ್ಲೇ ತಣ್ಣೀರಿಗೆ ಹಾಕಿ, ಹಿಂಡಿ, ಹಸಿಮೆಣಸಿನಕಾಯಿ ಕೊತ್ತಂಬರಿ ಜೋಡಿ ನುಣ್ಣಗ ಅರಿಬೇಕು. ಅಂಬಲಿ ಒಲಿ ಮ್ಯಾಲಿಂದ ಇಳಿಸಿ, ಕೈ ಸುಡಲಾರದಷ್ಟು ಆರಿದ ಮ್ಯಾಲೆ ಇದನ್ನ ಕೂಡಿಸಬೇಕು. ಮಜ್ಜಿಗಿ, ನಿಂಬಿಹುಳಿ ಈ ಸಂಡಿಗಿಗೆ ಬ್ಯಾಡ. ಹುಳಿ ಬೇಕಂದವರು ಬ್ಯಾರೆ ಸಂಡಿಗಿ ತಿನ್ನಲಿ. ಸೋಡಾ ಹಾಕಿದ್ರ ಹಸರ ಎದ್ದು ಕಾಣತದ, ಆದ್ರ ಜೀವಸತ್ವ ಹೋಗ್ತದ, ರುಚಿನೂ ಸಾಬಾಣಿ. ಹಪ್ಪಳಕ್ಕಾದ್ರ ಹಪ್ಪಳಖಾರ ಹೆಂಗೂ ಬೀಳತದ, ಅದೂ ಕ್ಷಾರನ, ಅದಕ್ಕ ಪಾಲಕ ಹಪ್ಪಳ ಸಂಡಿಗಿಗಿಂತ ಬಣ್ಣ ಹಿಡೀತದ.

ಎರಡನೇದ್ದು ಬಿಸಲು. ಎಲಿ ಹಸರಿಗೆ ಸುಡು ಬಿಸಲು ವೈರಿ. ಅರ್ಧ ಸಂಡಿಗಿ ಮಾಳಗಿ ಮ್ಯಾಲೆ ಇಟ್ಟೆ, ಅರ್ಧ ಪಡಸಾಲ್ಯಾಗ ಹಳೇ ಧೋತರ ಹಾಸಿ ಮ್ಯಾಲೆ ತೆಳ್ಳಗ ಅರಿವಿ ಹೊದಿಸಿ ಫ್ಯಾನಿನ ಗಾಳಿಗೆ ಇಟ್ಟೆ. ಎರಡ ದಿನದಾಗ ಒಣಗೋದು ಮೂರೂವರೆ ದಿನ ತೊಗೊಂಡ್ತು. ಬಣ್ಣಕ್ಕ ಮಾತ್ರ ಅಜಗಜಾಂತರ. ಬಾಟ್ಲಿಯಷ್ಟು ಮಿಂಚೂದಿಲ್ಲ, ಎಣ್ಣ್ಯಾಗ ಬಿದ್ದ ಮ್ಯಾಲೆ ಇನ್ನಷ್ಟು ಇಳೀತದ, ಅದೂ ಖರೇ. ಆದ್ರ ನೋಡಿದವರು ಇದು ಪಾಲಕ ಅಂತ ಹೇಳೋ ಅಷ್ಟು ಹಸರ ಉಳದದ. ಒಣಗಿದ್ದನ್ನ ಗಾಜಿನ ಬರಣ್ಯಾಗ ಬೆಳಕಿಗೆ ಇಡಬ್ಯಾಡ್ರಿ, ಸ್ಟೀಲ್ ಡಬ್ಬ್ಯಾಗ ಇಡ್ರಿ.

ನಮೂನಿ ಒಂದು ಚೀಲ ವೈನಿಗೆ ಬಸ್ಸಿನಾಗ ಕಳಿಸಿದೆ, ಜೋಡಿ ಒಂದು ಚೀಟಿ: "ಲಗ್ನದ ಮನಿಯವರಿಗೆ ಎರಡೂ ಕರದು ತೋರಸ್ರಿ, ಬಾಟ್ಲೀದು ಒಂದು, ಇದು ಒಂದು. ಯಾವುದರಾಗ ಏನದ ಅಂತ ಹೇಳಿ ತೋರಸ್ರಿ. ಅವರ ಆರಿಸಲಿ." ನಿನ್ನೆ ವೈನಿ ಫೋನ್ ಮಾಡಿದ್ರು. ಲಗ್ನದ ಹುಡುಗಿಯ ಅಜ್ಜಿ ನಮ್ಮ ಮಬ್ಬು ಸಂಡಿಗಿನ ಎರಡು ತಿಂದು ಮತ್ತೆರಡು ಬೇಡಿದ್ರಂತ. ಹುಡುಗಿಯ ತಾಯಿ ಕಣ್ಣು ಮಾತ್ರ ಇನ್ನೂ ಬಾಟ್ಲಿ ಸಂಡಿಗಿ ಮ್ಯಾಲೆನ ಇತ್ತಂತ. ಗುರುವಾರ ಹೇಳಿ ಕಳಸತೀವಿ ಅಂದಾರ. ಅಲ್ಲೀ ಮಟ ಪಡಸಾಲ್ಯಾಗ ಎಷ್ಟು ಧೋತರ ಹಾಸಲಿಕ್ಕೆ ಬರ್ತದ ಅಂತ ವೈನಿ ಅಳತಿ ಮಾಡಲಿಕ್ಕೆ ಹತ್ಯಾರ.